ಕಾಟು ಮಾವಿಗೆ ಟೇಪು ಸುತ್ತಿದ ಕತೆ

ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ನಮ್ಮ ಮನೆಗೆ ಒಂದೇ ವಾರದಲ್ಲಿ ಇಬ್ಬರು ಬಂದರು. ಮೊದಲು ಬಂದವರು ಮರದ ವ್ಯಾಪಾರಿ. ಹಿತ್ತಲಿನ ಕಾಟು (ಕಾಡು) ಮಾವನ್ನು ಎರಡು ಸುತ್ತು ಹಾಕಿ ನೋಡಿ, 18,000 ರೂಪಾಯಿ ಕೊಡುತ್ತೇನೆ, ಕಡಿಯುವ ಖರ್ಚೂ ನನ್ನದೇ ಎಂದರು. ಎರಡನೆಯವರು ಇಸ್ತ್ರಿ ಅಂಗಿಯ ಹುಡುಗ. ಸೊಸೈಟಿಯ ಸಭಾಂಗಣದಲ್ಲಿ ಒಂದು ಮೀಟಿಂಗ್ ಇದೆ, ನಿಮ್ಮ ಮರಗಳು ಗಾಳಿಯಿಂದ ಇಂಗಾಲ ಹೀರಿಕೊಳ್ಳುತ್ತವಲ್ಲ, ಅದಕ್ಕೆ ಹಣ ಬರುತ್ತದೆ, ಬನ್ನಿ ಎಂದು ಚೀಟಿ ಕೊಟ್ಟು ಹೋದ.

ಅಪ್ಪಯ್ಯ ಚೀಟಿ ಓದಿ, "ಕಾರ್ಬನ್ನಾ? ಕಾರ್ಬನ್ ದೋಟಿಯಾ? ಅದು ನಮ್ದೇ ಇತ್ತಲ್ಲ" ಎಂದರು. ಅವರ ಮಟ್ಟಿಗೆ ಕಾರ್ಬನ್ ಎಂದರೆ ಅಡಿಕೆ ಕೊಯ್ಯುವ ಆ ಕಪ್ಪು ಫೈಬರ್ ದೋಟಿ. ಮರ ಹತ್ತುವವರು ಸಿಗದೆ ಮೂರು ವರ್ಷದ ಹಿಂದೆ ತೆಗೆದುಕೊಂಡದ್ದು. ಆ ದೋಟಿ ಮುಂದೆ ನಿಜವಾಗಿಯೂ ಕೆಲಸಕ್ಕೆ ಬಂತು, ಹೇಳುತ್ತೇನೆ.

ನಮ್ಮ ಮನೆ ಬಾರ್ಕೂರಿನಿಂದ ಸ್ವಲ್ಪ ಒಳಗೆ. ನಾನು ಉಡುಪಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ದಿನಕ್ಕೆ ಹೋಗಿ ಬರಲು ಸ್ಕೂಟರಿನಲ್ಲಿ 40 ಕಿಲೋಮೀಟರ್. ಮನೆ, ಅಂಗಳ, ಹಟ್ಟಿ ಬಿಟ್ಟು ಹಿತ್ತಲು ಮತ್ತು ತೋಟ ಸೇರಿ 75 ಸೆಂಟ್ಸ್, ಅಂದರೆ ಸುಮಾರು 0.3 ಹೆಕ್ಟೇರ್. ತೋಟ ಎಂದರೆ ಸಾಲು ಹಿಡಿದು ನೆಟ್ಟ ತೋಟ ಅಲ್ಲ. ನೂರಹತ್ತು ಅಡಿಕೆ, ಹದಿನಾಲ್ಕು ತೆಂಗು, ಅಡಿಕೆಗೆ ಹಬ್ಬಿದ ಕರಿಮೆಣಸು, ಮೂರು ಹಲಸು, ಎರಡು ಮಾವು, ಒಂದು ಹೆಬ್ಬಲಸು, ನಾಲ್ಕು ಪುನರ್ಪುಳಿ, ಒಂದು ಜೀಗುಜ್ಜೆ, ಒಂದು ಅಂಬಟೆ. ಬೇಲಿ ಬದಿಗೆ ಅಣ್ಣ ಉತ್ಸಾಹದಲ್ಲಿ ನೆಟ್ಟು ಮುಂಬಯಿಗೆ ಹೋದ ಹನ್ನೆರಡು ತೇಗ. ಕೆಳಗೆ ಬಾಳೆ, ಕೆಸು, ಸುವರ್ಣಗಡ್ಡೆ, ಅಮ್ಮನ ಮಲ್ಲಿಗೆ. ಈಶಾನ್ಯ ಮೂಲೆಯಲ್ಲಿ ನಾಗಬನ.

ಮೀಟಿಂಗಿಗೆ ಹೋದೆ. ಹುಡುಗ ಪರದೆಯ ಮೇಲೆ ಹಸಿರು ಬಾಣಗಳನ್ನು ತೋರಿಸಿ, ಎಕರೆಗೆ ಇಷ್ಟು ಟನ್, ಟನ್ನಿಗೆ ಇಷ್ಟು ಡಾಲರ್ ಎಂದು ಗುಣಾಕಾರ ಮಾಡಿದ. ಎಕರೆಗೆ ಇಷ್ಟು ಟನ್ ಎಂದು ಯಾರು ಅಳೆದರು ಎಂದು ಕೇಳಿದೆ. "ಸ್ಯಾಟಲೈಟ್ ಮೇಡಂ" ಎಂದ. ನಮ್ಮ ಅಡಿಕೆಯ ಬುಡದ ಕೆಸುವಿನ ಎಲೆ ಸ್ಯಾಟಲೈಟಿಗೆ ಕಾಣುತ್ತದೋ ಇಲ್ಲವೋ, ನನಗಂತೂ ಕುತೂಹಲ ಹತ್ತಿತು. ಜನವರಿಯಲ್ಲಿ ಎರಡು ಭಾನುವಾರ ಸಾಕು, ನಾನೇ ಅಳೆದುಬಿಡುತ್ತೇನೆ ಎಂದುಕೊಂಡೆ. ಹಿಡಿದದ್ದು ನಾಲ್ಕು ತಿಂಗಳು.

ಮರವನ್ನು ಕಡಿಯದೆ ಅದರ ತೂಕ ಹೇಳುವುದು ಹೇಗೆ ಅಂತ ಮೊದಲು ಓದಿಕೊಂಡೆ. ಎದೆಯೆತ್ತರದಲ್ಲಿ ಸುತ್ತಳತೆ ತೆಗೆಯಬೇಕು. ನಮ್ಮ ದೇಶದ ಅರಣ್ಯದವರ ಲೆಕ್ಕದಲ್ಲಿ ಎದೆಯೆತ್ತರ ಎಂದರೆ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ. ಹೊರದೇಶದ ಹೆಚ್ಚಿನವರು 1.3 ಮೀಟರ್ ಹಿಡಿಯುತ್ತಾರೆ. ಸುತ್ತಳತೆಯಿಂದ ವ್ಯಾಸ ಬರುತ್ತದೆ. ವ್ಯಾಸದ ವರ್ಗ, ಎತ್ತರ, ಮರದ ಸಾಂದ್ರತೆ ಮೂರನ್ನೂ ಗುಣಿಸಬೇಕು. ಬಂದದ್ದರ 0.976ನೇ ಘಾತ ತೆಗೆದು 0.0673ರಿಂದ ಗುಣಿಸಿದರೆ ನೆಲದ ಮೇಲಿನ ಒಣ ತೂಕ ಕಿಲೋದಲ್ಲಿ ಸಿಗುತ್ತದೆ. 2014ರಲ್ಲಿ ಪ್ರಕಟವಾದ ಸೂತ್ರ ಇದು. ಉಷ್ಣವಲಯದ 58 ಜಾಗಗಳಲ್ಲಿ 4,004 ಮರಗಳನ್ನು ಕಡಿದು ತೂಗಿದ ಲೆಕ್ಕಗಳನ್ನು ಒಟ್ಟು ಮಾಡಿ ಕಟ್ಟಿದ್ದು. ನಾವು ಒಂದೂ ಕಡಿಯಬೇಕಾಗಿಲ್ಲ, ಅವರು ನಮ್ಮ ಪಾಲಿನದ್ದನ್ನೂ ಕಡಿದಿದ್ದಾರೆ. ಒಣ ತೂಕದಲ್ಲಿ ಇಂಗಾಲ ನೂರಕ್ಕೆ 47 ಎಂದು ಹಿಡಿಯುವುದು ರೂಢಿ. ಇಂಗಾಲವನ್ನು 3.67ರಿಂದ ಗುಣಿಸಿದರೆ ಅಷ್ಟು ಕಟ್ಟಲು ಗಾಳಿಯಿಂದ ಹೀರಿದ ಇಂಗಾಲದ ಡೈಆಕ್ಸೈಡ್ ಎಷ್ಟು ಎಂದು ಗೊತ್ತಾಗುತ್ತದೆ. 44 ಭಾಗಿಸು 12, ಅಷ್ಟೇ. ಎಂಟನೇ ಕ್ಲಾಸಿನ ಮಕ್ಕಳೂ ಮಾಡಬಹುದು.

ಟೀಚರಿಗೆ ಆಗಲಿಲ್ಲ ಅಷ್ಟೇ!

ಮೊದಲ ಭಾನುವಾರ ಅಡಿಕೆ ದಬ್ಬೆಯ ಒಂದು ಕೋಲನ್ನು ಸರಿಯಾಗಿ 1.37 ಮೀಟರಿಗೆ ಕತ್ತರಿಸಿಕೊಂಡು, ನನ್ನ ಹೊಲಿಗೆ ಟೇಪು ಹಿಡಿದು ಹೊರಟೆ. ಬರೆದುಕೊಳ್ಳಲು ರಜೆಗೆ ಬಂದಿದ್ದ ಅಣ್ಣನ ಮಗ. ದೊಡ್ಡ ಹಲಸಿನಿಂದ ಶುರು. ಸುತ್ತಳತೆ 200 ಸೆಂ.ಮೀ. ಬಂತು. ಹೊಲಿಗೆ ಟೇಪು 150ಕ್ಕೇ ಮುಗಿಯುತ್ತದೆ, ಹಾಗಾಗಿ ತೆಂಗಿನ ಹಗ್ಗ ಸುತ್ತಿ, ಗಂಟು ಹಾಕಿ, ಬಿಚ್ಚಿ ಅಳೆದೆವು. ಮಧ್ಯಾಹ್ನ ಊಟಕ್ಕೆ ಬಂದು ಫೋನಿನಲ್ಲೇ ಲೆಕ್ಕ ಹಾಕಿದೆ. ಹದಿನಾಲ್ಕು ಟನ್! ಅಮ್ಮ ಬಡಿಸುತ್ತಿದ್ದರು. "ಒಂದು ಹಲಸಿನ ಮರ ಹದಿನಾಲ್ಕು ಟನ್ ಇದೆಯಂತೆ" ಎಂದೆ. ಅಪ್ಪಯ್ಯ ಅನ್ನ ಕಲಸುತ್ತಾ, "ಹಂಗಾರೆ ಅದನ್ನು ಹೊರೂಕೆ ಎರಡು ಲಾರಿ ಬೇಕು" ಎಂದರು. ನಗಲಿಲ್ಲ, ಹೇಳಿದ್ದಷ್ಟೇ. ಹಲಸಿನ ಮರ ಕಡಿದು ಸಾಗಿಸಿದ್ದನ್ನು ಜೀವನದಲ್ಲಿ ಎಷ್ಟೋ ಸಲ ನೋಡಿದವರು.

ರಾತ್ರಿ ನೋಡಿದರೆ ವ್ಯಾಸದ ಜಾಗದಲ್ಲಿ ಸುತ್ತಳತೆಯನ್ನೇ ಹಾಕಿದ್ದೆ. 3.14ರಿಂದ ಭಾಗಿಸುವುದು ಮರೆತಿದ್ದೆ. ವ್ಯಾಸ ವರ್ಗವಾಗುವುದರಿಂದ ತಪ್ಪು ಮೂರು ಪಟ್ಟಲ್ಲ, ಒಂಬತ್ತು ಪಟ್ಟು ಆಗುತ್ತದೆ. ಇದನ್ನು ಶಾಲೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಇನ್ನೊಂದು ತಪ್ಪು ಟೇಪು ಸುತ್ತಿದ ಜಾಗದ್ದು. ಹಲಸು ಕಾಯಿ ಬಿಡುವುದು ಕಾಂಡದಲ್ಲಿ. ವರ್ಷ ವರ್ಷ ಅದೇ ಜಾಗದಲ್ಲಿ ತೊಟ್ಟು ಬಂದು ಬಂದು ಕಾಂಡದ ಮೇಲೆ ಗಂಟು ಗಂಟು. ನಮ್ಮ ಮರದಲ್ಲಿ ಸರಿಯಾಗಿ ಎದೆಯೆತ್ತರಕ್ಕೇ ಅಂಥ ಒಂದು ಉಬ್ಬು. ಉಬ್ಬಿದ್ದರೆ ಅದರ ಮೇಲೆ, ಕಾಂಡ ಮತ್ತೆ ಸಪಾಟಾಗುವಲ್ಲಿ ಅಳೆಯಬೇಕು ಎಂಬುದು ನಿಯಮ. ಮರುವಾರ ಸ್ಟೂಲು ಇಟ್ಟು ಅಳೆದರೆ 188. ಹನ್ನೆರಡೇ ಸೆಂ.ಮೀ. ವ್ಯತ್ಯಾಸ, ಆದರೆ ತೂಕದಲ್ಲಿ ನೂರಕ್ಕೆ ಹದಿಮೂರು. ಎತ್ತರ 14 ಮೀಟರ್, ಸಾಂದ್ರತೆ 0.5 ಹಿಡಿದರೆ ನೆಲದ ಮೇಲೆ 1,330 ಕಿಲೋ. ಬೇರಿಗೆ ನೂರಕ್ಕೆ 26 ಸೇರಿಸಿದರೆ 1,676. ಅದರಲ್ಲಿ ಇಂಗಾಲ 788 ಕಿಲೋ. ಹದಿನಾಲ್ಕು ಟನ್ ಎಲ್ಲಿ, ಇದೆಲ್ಲಿ.

ಇಳಿಜಾರಿನಲ್ಲಿ ಮರದ ಮೇಲ್ಬದಿಗೆ ನಿಂತು ಅಳೆಯಬೇಕು, ಬಳ್ಳಿ ಇದ್ದರೆ ಟೇಪು ಬಳ್ಳಿಯ ಒಳಗೆ ಹೋಗಬೇಕು. ಕರಿಮೆಣಸು ಹಬ್ಬಿದ ಅಡಿಕೆ ಮರಕ್ಕೆ ಟೇಪು ತೂರಿಸುವುದೆಂದರೆ ಮಗುವಿಗೆ ಬಿಗಿ ಅಂಗಿ ತೊಡಿಸಿದ ಹಾಗೆ. ಚಿಕ್ಕ ಮಾವಿನಲ್ಲಿ ಚಗಳಿ ಇರುವೆಯ ಗೂಡು. ಕೈಯೆಲ್ಲ ಕಚ್ಚಿಸಿಕೊಂಡು ಬಂದು, ಅದರ ಸುತ್ತಳತೆಯನ್ನು ಅಣ್ಣನ ಮಗ ಓಡುತ್ತಾ ಕೂಗಿ ಹೇಳಿದ್ದು, ನಾನು ಅಂಗಳದಲ್ಲಿ ಬರೆದುಕೊಂಡದ್ದು.

ಎತ್ತರಕ್ಕೆ ದೋಟಿ. ಮೀಟರಿಗೊಂದರಂತೆ ಕೆಂಪು ಇನ್ಸುಲೇಶನ್ ಟೇಪು ಸುತ್ತಿ, ಒಂದೊಂದೇ ಕೊಳವೆ ಎಳೆದು ಉದ್ದ ಮಾಡುತ್ತಾ ಅಡಿಕೆಯ ಸಿಂಗಾರದ ಬುಡಕ್ಕೆ ತಾಗಿಸುವುದು. ಅಪ್ಪಯ್ಯ ದೋಟಿ ಹಿಡಿದರೆ ತುದಿ ಅಲುಗಾಡುವುದಿಲ್ಲ. ನಾನು ಹಿಡಿದರೆ ತುದಿ ಮೂರು ಮರ ಸುತ್ತಿ ಬರುತ್ತದೆ. ಕರೆಂಟ್ ತಂತಿ ಹೋಗುವ ಮೂಲೆಯ ಆರು ಮರಗಳನ್ನು ಮಾತ್ರ ದೋಟಿಯಿಂದ ಅಳೆಯಲಿಲ್ಲ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ, ತಂತಿಗೆ ತಾಗಿದರೆ ಕೆಳಗೆ ಹಿಡಿದವರ ಕತೆ ಮುಗಿಯಿತು. ಆ ಮರಗಳಿಗೂ ದೊಡ್ಡ ಮರಗಳಿಗೂ ದೂರ ನಿಂತು ಕೋನಮಾಪಕದಿಂದ ಅಳೆದೆವು. ತ್ರಿಕೋನಮಿತಿ ಎಂತಕ್ಕೆ ಟೀಚರ್ ಎಂದು ಕೇಳುವ ಮಕ್ಕಳಿಗೆ ಕೊನೆಗೂ ಒಂದು ಉತ್ತರ ಸಿಕ್ಕಿತು.

ಅಡಿಕೆ, ತೆಂಗಿನ ಲೆಕ್ಕ ಬೇರೆಯೇ. ಇದು ನನಗೆ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಇಷ್ಟು ವರ್ಷ ತೋಟದಲ್ಲಿ ಓಡಾಡಿ ಎಂತ ನೋಡಿದೆ ಅನಿಸಿತು. ಹಲಸು, ಮಾವು ವರ್ಷ ವರ್ಷ ದಪ್ಪವಾಗುತ್ತವೆ. ತೊಗಟೆಯ ಕೆಳಗೆ ಹೊಸ ಪದರ ಕೂಡುತ್ತದೆ. ತಾಳೆಯ ಜಾತಿಯ ಮರಗಳಲ್ಲಿ ಆ ಪದರವೇ ಇಲ್ಲ. ಅಡಿಕೆ ಎಳವೆಯಲ್ಲಿ ಎಷ್ಟು ದಪ್ಪ ಆಯಿತೋ ಆಯಿತು, ಆಮೇಲೆ ಮೇಲಕ್ಕೆ ಮಾತ್ರ. ಇಪ್ಪತ್ತು ವರ್ಷದ್ದಕ್ಕೂ ನಲವತ್ತು ವರ್ಷದ್ದಕ್ಕೂ ಟೇಪಿನಲ್ಲಿ ಒಂದೇ ಅಳತೆ. ಹಾಗಾಗಿ ಕವಲೊಡೆಯುವ ಮರಗಳ ಸೂತ್ರ ಇಲ್ಲಿ ನಡೆಯುವುದಿಲ್ಲ. ಅಪ್ಪಯ್ಯನಿಗೆ ಹೇಳಿದೆ. "ಅಡಿಕೆ ಮರ ದಪ್ಪ ಆಯ್ತು ಅಂತ ಯಾರು ಹೇಳಿದ್ದು ನಿಂಗೆ?" ಎಂದು ನನ್ನನ್ನೇ ಕೇಳಿದರು.

ಅದೃಷ್ಟಕ್ಕೆ ಆ ಮಳೆಗಾಲದಲ್ಲಿ ಬಿದ್ದ ಒಂದು ಅಡಿಕೆ ಮರ ತೋಡಿನ ಬದಿಯಲ್ಲಿತ್ತು. ಇನ್ನೂ ಕೊಳೆತು ಕುಂಬಾಗಿರಲಿಲ್ಲ. ಅದರ ನಡುವಿನಿಂದ ಸರಿಯಾಗಿ 30 ಸೆಂ.ಮೀ. ಉದ್ದದ ತುಂಡು ಗರಗಸದಲ್ಲಿ ಕೊಯ್ದೆವು. ಸುತ್ತಳತೆ 44. ಒಳಗೆ ಬಿಳಿ ಹತ್ತಿಯ ಹಾಗೆ ಮೆತ್ತನೆ ತಿರುಳು, ಹೊರಗೆ ಒಂದು ಬೆರಳು ದಪ್ಪದ ಕಪ್ಪು ನಾರಿನ ಗಟ್ಟಿ ಸುತ್ತು. ದಬ್ಬೆ ಮಾಡುವುದು ಇದನ್ನೇ. ಅಮ್ಮನ ಮಲ್ಲಿಗೆ ತೂಗುವ ಡಿಜಿಟಲ್ ತಕ್ಕಡಿ ಇಷ್ಟು ಭಾರಕ್ಕೆ ಆಗದು, ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು. 4 ಕಿಲೋ 100 ಗ್ರಾಂ. ನಾಲ್ಕು ಸೀಳು ಮಾಡಿ ಅಡಿಕೆ ಒಣಗಿಸುವ ಅಂಗಳದಲ್ಲಿ ಅಡಿಕೆಯ ಜೊತೆಗೇ ಹರವಿದೆ. ಮೂರು ವಾರದ ಮೇಲೆ 2 ಕಿಲೋಗೆ ನಿಂತಿತು. ಬಿಸಿಲಿಗೆ ಒಣಗಿದ ಮರದಲ್ಲೂ ನೂರಕ್ಕೆ ಹತ್ತು ಹದಿನೈದು ಪಾಲು ನೀರು ಉಳಿದಿರುತ್ತದೆ, ಲ್ಯಾಬಿನವರು ಒಲೆಯಲ್ಲಿ ನೂರು ಡಿಗ್ರಿಯ ಮೇಲೆ ಇಟ್ಟು ತೆಗೆಯುತ್ತಾರೆ. ಹಾಗಾಗಿ ಅದನ್ನು ಕಳೆದು 1,750 ಗ್ರಾಂ ಎಂದು ಬರೆದುಕೊಂಡೆ. ಘನ ಸೆಂ.ಮೀ.ಗೆ 0.38 ಗ್ರಾಂ. ಹನ್ನೆರಡು ಮೀಟರಿನ ಮರವನ್ನು ಒಂದು ಕಂಬ ಎಂದು ಹಿಡಿದರೆ 70 ಕಿಲೋ ಒಣ ತೂಕ, 33 ಕಿಲೋ ಇಂಗಾಲ. ಒಂದೇ ಮರದ ಒಂದೇ ತುಂಡಿನಿಂದ ನೂರಹತ್ತು ಮರದ ಲೆಕ್ಕ ಹೇಳುವುದು ಸರಿಯಲ್ಲ, ಗೊತ್ತು. ಇನ್ನೊಂದು ಮರ ಬೀಳಲಿ ಎಂದು ಕಾಯುವಂತೆಯೂ ಇಲ್ಲವಲ್ಲ.

ತೆಂಗಿಗೂ ಇದೇ ಕಂಬದ ಲೆಕ್ಕ. ತೆಂಗಿನ ಕಾಂಡದ ಹೊರಸುತ್ತು ಘನ ಮೀಟರಿಗೆ 600 ಕಿಲೋಗಿಂತ ಜಾಸ್ತಿ ತೂಗುತ್ತದೆ, ನಡುವಿನ ತಿರುಳು 400ಕ್ಕಿಂತ ಕಡಿಮೆ. ನಾನು ಕಂಜೂಸಿಯಿಂದ ಇಡೀ ಕಾಂಡಕ್ಕೆ 400 ಹಿಡಿದೆ. ಮರಕ್ಕೆ 150 ಕಿಲೋ ಇಂಗಾಲ ಬಂತು.

ಕಾಟು ಮಾವನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಅದು ಯಾರು ನೆಟ್ಟದ್ದೂ ಅಲ್ಲ. ಅಪ್ಪಯ್ಯನ ಅಜ್ಜಿಯ ಕಾಲಕ್ಕೇ ದೊಡ್ಡದಿತ್ತಂತೆ. ಹಣ್ಣು ಹುಳಿ, ನಾರು, ಗೊರಟೇ ಜಾಸ್ತಿ. ಆದರೆ ಅದರ ಮಿಡಿ ಉಪ್ಪಿನಕಾಯಿಗೆ ಮತ್ತು ಹಣ್ಣು ಗೊಜ್ಜಿಗೆ ಬೇರೆ ಯಾವುದೂ ಸಮ ಅಲ್ಲ. ಹಗ್ಗ ಹಿಡಿದು ಮೂವರೂ ಮರದ ಸುತ್ತ ನಡೆದೆವು. 260 ಸೆಂ.ಮೀ. ಎತ್ತರ 18 ಮೀಟರ್. ಲೆಕ್ಕ ಹಾಕಿದರೆ ನೆಲದ ಮೇಲೆ 3,311 ಕಿಲೋ.

ಅಪ್ಪಯ್ಯ ಕತ್ತಿಯ ಹಿಂಬದಿಯಿಂದ ಕಾಂಡಕ್ಕೆ ಅಲ್ಲಲ್ಲಿ ಬಡಿಯುತ್ತಾ ಸುತ್ತು ಬಂದರು. ಮೂರು ಕಡೆ ಟಕ್ ಟಕ್. ಪಶ್ಚಿಮದ ಬದಿಗೆ ಡಬ್. "ಇಲ್ಲಿ ಟೊಳ್ಳು ಇತ್ತ್, ಇದು ನಿನ್ನ ಲೆಕ್ಕದಗೆ ಬತ್ತಾ?" ಬರುವುದಿಲ್ಲ. ಸೂತ್ರಕ್ಕೆ ಹೊರಗಿನ ಸುತ್ತಳತೆ ಮಾತ್ರ ಗೊತ್ತು. ಮೇಲೆ ಆಳೆತ್ತರದಲ್ಲಿ ಒಂದು ಪೊಟರೆ, ಅದರಲ್ಲಿ ತುಡುವೆ ಜೇನು ಕೂತಿತ್ತು. ಬಾಯಲ್ಲಿ ಹತ್ತಿಪ್ಪತ್ತು ಹುಳು ಒಳಗೆ ಹೊರಗೆ ಮಾಡುತ್ತಿದ್ದವು. ಪೊಟರೆ ಎಷ್ಟು ಆಳವೋ ಕೈ ಹಾಕಿ ನೋಡುವಂತಿಲ್ಲ. ಅಂದಾಜಿಗೆ ನೂರಕ್ಕೆ ಹತ್ತು ಕಳೆದೆ. ಆದರೂ 1,400 ಕಿಲೋ ಇಂಗಾಲ ಉಳಿಯಿತು.

ಅಣ್ಣನ ತೇಗಗಳು ಸರಾಸರಿ 50 ಸೆಂ.ಮೀ. ಸುತ್ತಳತೆ, ಹತ್ತು ಮೀಟರ್ ಎತ್ತರ. ಒಂದೊಂದು 81 ಕಿಲೋ ಒಣ ತೂಕ. ಟೊಳ್ಳು ಕಳೆದ ಮೇಲೂ ಒಂದು ಕಾಟು ಮಾವಿಗೆ ಮೂವತ್ತೇಳು ತೇಗ ಬೇಕು. ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು, ತೇಗ ಬೆಳೆಯುತ್ತದೆ, ಮಾವು ಎಂತ ಬೆಳೆಯುತ್ತದೆ ಎಂದ. ಅದೂ ಸರಿಯೇ. ಆ ಮಾತು ಆಮೇಲೆ ಬರುತ್ತದೆ.

ಎಲ್ಲ ಕೂಡಿಸಿದೆ. ಅಡಿಕೆ 3.6 ಟನ್, ತೆಂಗು 2.1, ಹಲಸು 1.2, ಮಾವು 1.75, ಉಳಿದದ್ದೆಲ್ಲ 1.4. ಒಟ್ಟು ಹತ್ತು ಟನ್ ಇಂಗಾಲ, ನೆಲದ ಮೇಲೆ. ಹೆಕ್ಟೇರಿಗೆ 33 ಟನ್ ಆಯಿತು. ಕೇರಳದ ತ್ರಿಶ್ಶೂರಿನ ಕಡೆಯ ಮನೆ ಹಿತ್ತಲುಗಳಲ್ಲಿ ಸಂಶೋಧಕರು ಅಳೆದಾಗ ಹೆಕ್ಟೇರಿಗೆ 16ರಿಂದ 36 ಟನ್ ಸಿಕ್ಕಿತ್ತು. ಹಿತ್ತಲು ಚಿಕ್ಕದಾದಷ್ಟೂ ಹೆಕ್ಟೇರಿನ ಲೆಕ್ಕಕ್ಕೆ ಇಂಗಾಲ ಜಾಸ್ತಿ, ಏಕೆಂದರೆ ಚಿಕ್ಕ ಜಾಗದಲ್ಲಿ ನಾವು ಒತ್ತಿ ಒತ್ತಿ ನೆಡುತ್ತೇವೆ. ನನ್ನ ಸಂಖ್ಯೆ ಆ ಮಿತಿಯೊಳಗೇ ಬಂದದ್ದು ನೋಡಿ ಉಸಿರು ಬಿಟ್ಟೆ. ಒಮ್ಮೆ ಹದಿನಾಲ್ಕು ಟನ್ನಿನ ಹಲಸು ಕಂಡವಳಿಗೆ ಇಂಥ ಸಮಾಧಾನ ಬೇಕಾಗುತ್ತದೆ.

ಇನ್ನು ಮಣ್ಣು. ಮರ ಅಳೆಯುವುದು ಆಟ, ಮಣ್ಣು ಅಳೆಯುವುದು ಕೆಲಸ.

ಅಪ್ಪಯ್ಯನ ಕಪಾಟಿನ ಪ್ಲಾಸ್ಟಿಕ್ ಕವರಿನಲ್ಲಿ ಮಣ್ಣು ಆರೋಗ್ಯ ಕಾರ್ಡ್ ಇತ್ತು. 2015ರಲ್ಲಿ ಶುರುವಾದ ಯೋಜನೆಯದ್ದು. ತೆಗೆದು ನೋಡಿದರೆ ಹನ್ನೆರಡು ಸಾಲುಗಳಲ್ಲಿ ಒಂದು ಸಾವಯವ ಇಂಗಾಲ! ಇಷ್ಟು ವರ್ಷ ಮನೆಯೊಳಗೇ ಇದ್ದ ಲೆಕ್ಕ. ಎದುರಿಗೆ "ಹೆಚ್ಚು" ಎಂದು ಬರೆದಿತ್ತು. ನೂರಕ್ಕೆ 0.75 ದಾಟಿದರೆ ಹೆಚ್ಚು ಎಂದೇ ಲೆಕ್ಕ, ಅದು 0.8 ಇರಲಿ 2 ಇರಲಿ. ನನಗೆ ಸರಿಯಾದ ಸಂಖ್ಯೆ ಬೇಕಿತ್ತು. ಮೊದಲು ಕೊಟ್ಟ ಒಂದು ಲ್ಯಾಬಿನವರು ಮೂರು ವಾರ ಬಿಟ್ಟು ರಸಸಾರ (ಪಿಎಚ್) ಮಾತ್ರ ಬರೆದು ಕಳಿಸಿದರು. ಕೇಳಿದರೆ, ಅಷ್ಟೇ ಸಾಕಲ್ವಾ, ಸುಣ್ಣ ಹಾಕಿ ಎಂದರು. ಇನ್ನೊಂದು ಕಡೆ ಕೊಟ್ಟೆ.

ಮಣ್ಣು ತೆಗೆಯುವಾಗಲೂ ನಾನೇ ನನಗೆ ಮೋಸ ಮಾಡಿಕೊಂಡೆ. ಮೊದಲ ಸಲ ಅಡಿಕೆ ಬುಡದಿಂದ ತೆಗೆದೆ. ಮೆತ್ತಗೆ, ಕಪ್ಪಗೆ, ಎರೆಹುಳು ತುಂಬಿದ ಮಣ್ಣು. ಇರದೆ ಏನು, ಪ್ರತಿ ವರ್ಷ ಹಟ್ಟಿಗೊಬ್ಬರ ಮತ್ತು ಸೊಪ್ಪು ಬೀಳುವುದು ಅಲ್ಲಿಗೇ. ಎರಡನೇ ಸಲ ಬುಡ, ಸಾಲಿನ ನಡು, ತೇಗದ ಬೇಲಿ ಎಂದು ಬೇರೆ ಬೇರೆ ಕಡೆ ತೆಗೆದೆ. ಬುಡದಲ್ಲಿ 2.4, ಬೇಲಿಯ ಬದಿಯಲ್ಲಿ 1.1. ಜಾಗದ ಪಾಲು ನೋಡಿ ಸರಾಸರಿ 1.6 ಹಿಡಿದೆ.

ಎರಡನೇ ಲ್ಯಾಬಿನಲ್ಲಿ ಪರೀಕ್ಷೆ ಮಾಡುವುದನ್ನು ನೋಡಲು ಬಿಟ್ಟರು. 1934ರಿಂದ ನಡೆದುಬಂದ ವಿಧಾನ. ಒಂದು ಗ್ರಾಮಿನಷ್ಟು ಮಣ್ಣಿಗೆ ಕಿತ್ತಳೆ ಬಣ್ಣದ ಪೊಟ್ಯಾಸಿಯಂ ಡೈಕ್ರೋಮೇಟ್, ಅದರ ಮೇಲೆ ಗಟ್ಟಿ ಗಂಧಕಾಮ್ಲ. ಫ್ಲಾಸ್ಕು ತಾನಾಗಿಯೇ ಬಿಸಿಯಾಗುತ್ತದೆ. ಮಣ್ಣಿನ ಇಂಗಾಲ ಡೈಕ್ರೋಮೇಟನ್ನು ತಿನ್ನುತ್ತದೆ. ಅರ್ಧ ಗಂಟೆ ಬಿಟ್ಟು ತಿನ್ನದೆ ಉಳಿದದ್ದು ಎಷ್ಟು ಎಂದು ಹನಿ ಹನಿ ಬಿಟ್ಟು ಲೆಕ್ಕ ಹಿಡಿಯುವುದು. ಅಲ್ಲಿದ್ದ ಹುಡುಗಿ ಎಡಗೈಯಲ್ಲಿ ಬ್ಯೂರೆಟ್ ತಿರುಗಿಸುತ್ತಾ ಬಲಗೈಯಲ್ಲಿ ಫ್ಲಾಸ್ಕು ಆಡಿಸುತ್ತಿದ್ದಳು. ನೇರಳೆ, ನೇರಳೆ, ಸ್ವಲ್ಪ ಮಸುಕು, ಒಂದು ಹನಿ, ಥಟ್ಟನೆ ಹಸಿರು. "ಈಗ ನಿಲ್ಲಿಸದಿದ್ರೆ ಎಲ್ಲ ಮತ್ತೆ ಮೊದಲಿಂದ ಮೇಡಂ" ಎಂದಳು. ಈ ವಿಧಾನದಲ್ಲಿ ಎಲ್ಲ ಇಂಗಾಲವೂ ಸಿಗುವುದಿಲ್ಲ, ಸುಮಾರು ಮುಕ್ಕಾಲು ಪಾಲು ಸಿಗುತ್ತದೆ. ಅದಕ್ಕೆ 1.3ರಿಂದ ಗುಣಿಸುತ್ತಾರೆ. ವರದಿಯಲ್ಲಿ ಗುಣಿಸಿ ಆಗಿದೆಯೋ ಇಲ್ಲವೋ ಕೇಳಿಕೊಳ್ಳದೆ ಬಂದರೆ ಮನೆಯಲ್ಲಿ ಇನ್ನೊಮ್ಮೆ ಗುಣಿಸಿ ಕೂರುತ್ತೀರಿ.

ನೂರಕ್ಕೆ ಎಷ್ಟು ಎಂದು ಗೊತ್ತಾದರೆ ಸಾಲದು, ಮಣ್ಣಿನ ತೂಕವೂ ಬೇಕು. ಹತ್ತು ಸೆಂ.ಮೀ. ಒಳವ್ಯಾಸದ ಕಬ್ಬಿಣದ ಪೈಪನ್ನು ಹತ್ತು ಸೆಂ.ಮೀ. ಉದ್ದಕ್ಕೆ ತುಂಡು ಮಾಡಿಸಿ ನೆಲಕ್ಕೆ ಬಡಿದೆ. ನಮ್ಮದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ನೆಲ. ನಾಲ್ಕು ಸಲ ಪೈಪಿನ ಬಾಯಿ ಬಗ್ಗಿತು. ಐದನೇ ಸಲ ಇಳಿಯಿತು. ಒಣಗಿಸಿದ ಮಣ್ಣು 1,020 ಗ್ರಾಂ. ಸಣ್ಣ ಜರಡಿಯಲ್ಲಿ ಜಾಲಿಸಿದರೆ 235 ಗ್ರಾಂ ಮುರಕಲ್ಲಿನ ಹರಳು ಮೇಲೆ ಉಳಿಯಿತು, ಗಲಗಲ ಸದ್ದು ಮಾಡುವ ಕೆಂಪು ಕಂದು ಹರಳು. ಹರಳಿನಲ್ಲಿ ಲೆಕ್ಕಕ್ಕೆ ಹಿಡಿಯುವ ಇಂಗಾಲ ಇಲ್ಲ, ಅದನ್ನು ಬಿಡಬೇಕು. ಬಿಡದಿದ್ದರೆ ಮೇಲಿನ 30 ಸೆಂ.ಮೀ. ಮಣ್ಣಿನಲ್ಲಿ ಹೆಕ್ಟೇರಿಗೆ 62 ಟನ್. ಬಿಟ್ಟರೆ 48. ನಮ್ಮ ಕರಾವಳಿಯ ನೆಲಕ್ಕೆ ಈ ಒಂದು ಹೆಜ್ಜೆ ತಪ್ಪಿದರೆ ಉಳಿದ ಲೆಕ್ಕವೆಲ್ಲ ಹಾಳು.

48 ಎಂದರೆ ನಮ್ಮ 75 ಸೆಂಟ್ಸಿಗೆ 14 ಟನ್ ಚಿಲ್ಲರೆ. ನೆಲದ ಮೇಲಿನ ಎಲ್ಲ ಮರ ಸೇರಿದರೆ ಹತ್ತು, ಬೇರು ಎರಡೂವರೆ. ಅಂದರೆ ಅರ್ಧಕ್ಕಿಂತ ಜಾಸ್ತಿ ಕಾಲಿನ ಕೆಳಗೆ, ಅದೂ ಒಂದು ಅಡಿಯೊಳಗೇ. ತ್ರಿಶ್ಶೂರಿನಲ್ಲಿ ಒಂದು ಮೀಟರ್ ಆಳದವರೆಗೆ ನೋಡಿದವರಿಗೆ ಹಿತ್ತಲಿನ ಮಣ್ಣಿನಲ್ಲಿ ಹೆಕ್ಟೇರಿಗೆ ನೂರು ಟನ್ನಿಗೂ ಜಾಸ್ತಿ ಸಿಕ್ಕಿತ್ತು, ಭತ್ತದ ಗದ್ದೆಯಲ್ಲಿ ಸುಮಾರು ಅದರ ಅರ್ಧ. ನಾನು ಒಂದು ಮೀಟರ್ ಅಗೆಯಲು ಹೋಗಲಿಲ್ಲ. ಬಗ್ಗಿಸಲು ಇನ್ನೊಂದು ಪೈಪು ನನ್ನ ಹತ್ತಿರ ಇರಲಿಲ್ಲ.

ಇದೇ ಹೊತ್ತಿಗೆ ಅಪ್ಪಯ್ಯ ಸುಡುಮಣ್ಣಿಗೆ ತರಗೆಲೆ ಗುಡ್ಡೆ ಹಾಕಿದರು. ಬಸಳೆ, ಸೌತೆಗೆ ಸುಡುಮಣ್ಣು ಬೇಕೇ ಬೇಕು. ನನಗೆ ತಡೆಯಲಾಗಲಿಲ್ಲ, ಅಷ್ಟು ಇಂಗಾಲ ಹೊಗೆಯಾಗಿ ಹೋಗುತ್ತದಲ್ಲ ಎಂದೆ. ಕಳೆದ ನಾಲ್ಕು ತಿಂಗಳು ನನ್ನ ಜೊತೆ ದೋಟಿ ಹಿಡಿದು ತಿರುಗಿದವರು ಬೆಂಕಿಪೆಟ್ಟಿಗೆ ಕೈಯಲ್ಲಿ ಹಿಡಿದೇ ನಿಂತರು. ಆಮೇಲೆ, "ನಿನ್ನ ಲೆಕ್ಕಕ್ಕೆ ಬಸಳೆ ಆಯ್ತದಾ?" ಎಂದು ಗೀರಿದರು. ಮೇಲೆ ಮಣ್ಣು ಮುಚ್ಚಿ ನಿಧಾನ ಉರಿಸುವುದರಿಂದ ಒಂದಷ್ಟು ಕರಿಯಾಗಿ ಮಣ್ಣಲ್ಲೇ ಉಳಿಯುತ್ತದೆ, ಕರಿ ಬೇಗ ಕೊಳೆಯುವುದೂ ಇಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡು ಒಳಗೆ ಬಂದೆ. ಬಸಳೆ ಚೆನ್ನಾಗಿ ಬಂತು.

ಏಪ್ರಿಲ್ ಕೊನೆಗೆ ಒಟ್ಟು ಲೆಕ್ಕ: 27 ಟನ್ ಇಂಗಾಲ, ಡೈಆಕ್ಸೈಡಿನ ಲೆಕ್ಕದಲ್ಲಿ 99 ಟನ್. ಒಂದು ಕಾರ್ಬನ್ ಕ್ರೆಡಿಟ್ ಎಂದರೆ ಒಂದು ಟನ್ ಡೈಆಕ್ಸೈಡ್. ಇಸ್ತ್ರಿ ಅಂಗಿಯ ಹುಡುಗನಿಗೆ ಫೋನ್ ಮಾಡಿ, ನಮ್ಮಲ್ಲಿ 99 ಟನ್ ಇದೆ ಎಂದೆ. ನಕ್ಕ. "ಮೇಡಂ, ಈಗ ಇರೋದಕ್ಕೆ ಏನೂ ಬರೋದಿಲ್ಲ. ಯೋಜನೆಗೆ ಸೇರಿದ ಮೇಲೆ ಜಾಸ್ತಿ ಆಗೋದಕ್ಕೆ ಮಾತ್ರ. ಹೊಸ ಗಿಡ ನೆಡೋಕೆ ಜಾಗ ಎಷ್ಟಿದೆ?"

ಜಾಗ ಇಲ್ಲ. ತುಂಬಿದ ಹಿತ್ತಲಿನಲ್ಲಿ ಎಲ್ಲಿ ನೆಡುವುದು? ನಿಯಮದಲ್ಲಿ ತಪ್ಪಿಲ್ಲ, ಯೋಚಿಸಿದರೆ ಅರ್ಥವಾಗುತ್ತದೆ. ಹಣ ಕೊಟ್ಟದ್ದರಿಂದ ಆದ ಬದಲಾವಣೆಗೆ ಮಾತ್ರ ಹಣ. ಮೊದಲೇ ನಿಂತಿದ್ದ ಮರಕ್ಕೆ ಕೊಟ್ಟರೆ ಗಾಳಿಯಲ್ಲಿ ಏನೂ ಬದಲಾಗುವುದಿಲ್ಲ. ಆದರೆ ಸೊಸೈಟಿಯ ಮೀಟಿಂಗಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಅರ್ಧ ಜನ ಚಹಾ ಬರುವ ಮೊದಲೇ ಎದ್ದು ಹೋಗುತ್ತಿದ್ದರು. ನನಗೆ ಸಿಟ್ಟು ಬಂದದ್ದು ಅದಕ್ಕೆ. ಖಾಲಿ ಗುಡ್ಡೆ ಇದ್ದವನಿಗೆ ಹೊಸದಾಗಿ ನೆಟ್ಟರೆ ಹಣ, ನೂರು ವರ್ಷ ಕಡಿಯದೆ ಉಳಿಸಿದವರಿಗೆ ನಮಸ್ಕಾರ. ಮರದ ವ್ಯಾಪಾರಿಯಾದರೂ 18,000 ಎಂದಿದ್ದರು.

ಈ ಜನವರಿಯಲ್ಲಿ ಮತ್ತೆ ಅಳೆದೆವು. ಅದೇ ತಿಂಗಳಲ್ಲಿ ಅಳೆಯಬೇಕು, ಮಳೆಗಾಲದಲ್ಲಿ ತೊಗಟೆ ನೀರು ಕುಡಿದು ಉಬ್ಬುತ್ತದೆ. ಹೋದ ವರ್ಷ ಗುರುತಿಗೆ ಬಳಿದ ಸುಣ್ಣ ಒಂದೇ ಆಟಿ ತಿಂಗಳ ಮಳೆಗೆ ತೊಳೆದು ಹೋಗಿತ್ತು, ಪುಣ್ಯಕ್ಕೆ ದಬ್ಬೆಯ ಕೋಲು ಇತ್ತು. ಈ ಸಲ ಹಳದಿ ಎಣ್ಣೆ ಬಣ್ಣ, ಅಪ್ಪಯ್ಯನ ಷರತ್ತಿನ ಪ್ರಕಾರ ಮನೆಗೆ ಕಾಣದ ಬದಿಗೆ. ದೊಡ್ಡ ಹಲಸು 188 ಇದ್ದದ್ದು 190.5 ಆಗಿದೆ. ಬೇರೂ ಸೇರಿ 75 ಕಿಲೋ ಡೈಆಕ್ಸೈಡ್, ಒಂದು ವರ್ಷಕ್ಕೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕಿಲೋ ಬರುತ್ತದೆ. ನನ್ನ ಸ್ಕೂಟರ್ ಲೀಟರಿಗೆ 45 ಕೊಡುತ್ತದೆ. ಇಡೀ ವರ್ಷ ಆ ಮರ ದುಡಿದದ್ದು ನಾನು ಮೂವತ್ತಾರು ದಿನ ಶಾಲೆಗೆ ಹೋಗಿ ಬರುವುದಕ್ಕೆ. ತೇಗಗಳು ಒಂದೊಂದೂ ಮೂರು ನಾಲ್ಕು ಸೆಂ.ಮೀ. ಏರಿವೆ, ಅಣ್ಣ ಗೆದ್ದ. ತೆಂಗು, ಅಡಿಕೆ ಟೇಪಿನಲ್ಲಿ ಸೊನ್ನೆ, ದೋಟಿಯಲ್ಲಿ ಮಾತ್ರ ಗೊತ್ತಾಯಿತು. ಕಾಟು ಮಾವು ಅರ್ಧ ಸೆಂ.ಮೀ. ಅದು ಬೆಳೆದದ್ದೋ ಹಗ್ಗ ಸಡಿಲವಾದದ್ದೋ ನಾನು ಪ್ರಮಾಣ ಮಾಡಲಾರೆ.

ವ್ಯಾಪಾರಿ ಹೋದ ತಿಂಗಳು ಮತ್ತೆ ಬಂದಿದ್ದರು. 20,000 ಎಂದರು. ಅಪ್ಪಯ್ಯ ಒಳಗಿಂದ ನನ್ನ ನೋಟ್‌ಬುಕ್ ತರುತ್ತಾರೋ ಎಂದು ನೋಡುತ್ತಾ ನಿಂತೆ. ತರಲಿಲ್ಲ. "ತುಡುವೆ ಕೂತಿತ್ತ್. ಅದು ಎದ್ದು ಹೋಗಲಿ, ಆಮೇಲೆ ಕಾಂಬ" ಎಂದು ವೀಳ್ಯದೆಲೆಯ ತಟ್ಟೆ ಮುಂದಿಟ್ಟರು.

ಅವತ್ತು ಸಂಜೆ ಅಪ್ಪಯ್ಯ ಅಂಗಳದಲ್ಲಿ ಕೂತು ನೋಟ್‌ಬುಕ್ ತಿರುವಿ ಹಾಕಿದರು. ಕನ್ನಡಕ ಸರಿಮಾಡಿಕೊಂಡು ಕೊನೆಯ ಪುಟಕ್ಕೆ ಬೆರಳಿಟ್ಟು, ಬನದ್ದು ಎಲ್ಲಿ ಎಂದು ಕೇಳಿದರು. ನಾಗಬನದೊಳಗೆ ಟೇಪು, ಹಗ್ಗ ಹಿಡಿದು ಹೋಗುವುದು ಹೇಗೆ? ಕತ್ತಿಯೇ ಮುಟ್ಟಿಸದ ಜಾಗ. ನಾಗನಿಗೆ ಪೂಜೆ ಕೊಡುವ ತಂಬಿಲದ ದಿನ ಬಿಟ್ಟರೆ ನಾವು ಯಾರೂ ಒಳಗೆ ಕಾಲಿಡುವುದಿಲ್ಲ. ಎರಡು ಸುರಹೊನ್ನೆ, ಒಂದು ರೆಂಜೆ, ಹೆಸರು ಗೊತ್ತಿಲ್ಲದ ಬಳ್ಳಿಗಳು, ಮೊಣಕಾಲವರೆಗೆ ತರಗೆಲೆ.

"ಅಳೆದಿಲ್ಲ" ಎಂದೆ.

"ಆ ಸುರಹೊನ್ನೆ ನಿನ್ನ ಕಾಟು ಮಾವಿಗಿಂತ ದಪ್ಪ ಇತ್ತ್" ಎಂದು ಹೇಳಿ, ಪೆನ್ನು ತೆಗೆದುಕೊಂಡು ಪಟ್ಟಿಯ ಕೆಳಗೆ ತಮ್ಮ ಹಳೆಯ ಕೈಬರಹದಲ್ಲಿ "ಬನ" ಎಂದು ಬರೆದರು. ಪಕ್ಕದ ಕಾಲಮ್ಮುಗಳನ್ನು ಹಾಗೇ ಬಿಟ್ಟರು.